ಏರುತ್ತಲೇ ಹೋದ ಮುಳ್ಳು

ಜೀಪಿನಲ್ಲಿ ಎಷ್ಟು ಪೆಟ್ರೋಲ್ ಇದೆ ಎಂದು ಜೀಪನ್ನೇ ಕೇಳುವ ಪದ್ಧತಿ ಆಗ ನಮ್ಮ ಜೋಯಿಡಾದ ಮನೆಯಲ್ಲಿರಲಿಲ್ಲ. ಬಿದಿರಿನ ಕಡ್ಡಿಯನ್ನು ಕೇಳುತ್ತಿದ್ದೆವು. ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪನದು ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪು, ಬಾಡಿಗೆಗೆ ಓಡುತ್ತಿತ್ತು. ಡ್ರೈವರ್ ಸೀಟಿನ ಕೆಳಗೇ ಟ್ಯಾಂಕು. ಸೀಟು ಎತ್ತಿ, ಮುಚ್ಚಳ ತಿರುವಿ, ಗೀರು ಹಾಕಿದ ಕಡ್ಡಿ ಇಳಿಸಿ ನೋಡುವುದು ನನ್ನ ಕೆಲಸ. "ಎರಡ ಗೀರ ಐತಪಾ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ಪೆಟ್ರೋಲಿನ ವಾಸನೆ ನನಗೆ ಮಲ್ಲಿಗೆಗಿಂತ ಹಿಡಿಸುತ್ತಿತ್ತು. ಅದೇ ಕೈಯಲ್ಲಿ ಅವಲಕ್ಕಿ ತಿಂದು ಅವ್ವನಿಂದ ಬೈಸಿಕೊಳ್ಳುತ್ತಿದ್ದೆ.

ಆ ಬೇಸಿಗೆ ಅಕ್ಕನ ಎಸ್ಸೆಸ್ಸೆಲ್ಸಿ ಪರೀಕ್ಷೆ, ದಾಂಡೇಲಿಯಲ್ಲಿ. ನಮ್ಮ ಮನೆತನದಲ್ಲಿ ಅಷ್ಟು ಓದಿದ ಗಂಡಸರೂ ಇರಲಿಲ್ಲ. ಅಪ್ಪನ ಉಮೇದಿ ಏನು ಕೇಳುತ್ತೀರಿ! ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪು ಬಿಚ್ಚಿ ಅದರೊಳಗಿನ ಹರಿದ ರಬ್ಬರ್ ಪದರ ಬದಲಿಸಿದ. ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ, ಎಂದೋ ಸತ್ತಿದ್ದ ಗೇಜನ್ನೂ ಬದುಕಿಸಲು ಗುಜರಿಯಿಂದ ಬೇರೆ ಯಾವುದೋ ಗಾಡಿಯ ಫ್ಲೋಟು ತಂದ. ಟ್ಯಾಂಕಿನೊಳಗೆ ತೇಲುತ್ತ ಗೇಜಿನ ಮುಳ್ಳಿಗೆ ಸುದ್ದಿ ಮುಟ್ಟಿಸುವ ಹಿತ್ತಾಳೆ ಡಬ್ಬಿ ಅದು. ಕೂಡಿಸಿದ ಕೂಡಲೇ ಮುಳ್ಳು ಎದ್ದು ಅರ್ಧಕ್ಕೆ ನಿಂತಿತು. ಟ್ಯಾಂಕಿನಲ್ಲಿದ್ದದ್ದೂ ಅರ್ಧವೇ.

"ಇನ್ನ ನಿನ್ನ ಕಡ್ಡಿ ಕೆಲಸ ಮುಗೀತ, ತಂಗಿ" ಎಂದ ಅಪ್ಪ ನನಗೆ. ನನಗೆ ಕೆಟ್ಟ ಸಿಟ್ಟು ಬಂತು. ಅವ್ವ ಆ ಕಡ್ಡಿಯನ್ನು ಹೀರೆಬಳ್ಳಿಗೆ ಊರಿಬಿಟ್ಟಳು.

ಮೊದಲೆರಡು ಪರೀಕ್ಷೆಗೆ ಓಡಾಡಿದೆವು. ನಾನೂ ಹಿಂದಿನ ಸೀಟಿನಲ್ಲಿ ಹಾಜರ್. ಮುಳ್ಳು ಇಳಿಯುವ ಬದಲು ಮೇಲೇರುತ್ತಿತ್ತು!

"ಹೊಸಾದೈತಿ, ಇನ್ನೂ ಸರಿಯಾಗಿ ಕುಂಡ್ರಬೇಕ" ಎಂದ ಅಪ್ಪ. ಅವ್ವನಂತೂ "ದೇವ್ರ ಕಣ್ಣ ತೆರದಾನ" ಎಂದು ಗೇಜಿಗೆ ಕುಂಕುಮ ಹಚ್ಚಿದಳು.

ಗಣಿತದ ದಿನ ಗಣೇಶಗುಡಿ ದಾಟಿ ಏರು ಹತ್ತುವಾಗ ಜೀಪು ಕೆಮ್ಮಿ ನಿಂತಿತು. ಮುಳ್ಳು ಪೂರ್ತಿ ಮೇಲಿತ್ತು.

"ಎಣ್ಣಿ ತುಂಬೇತಿ. ಪಂಪ ಕೈ ಕೊಟ್ಟೈತಿ" ಎಂದು ಅಪ್ಪ ಪಾನಾ ಹಿಡಿದ. ಪಂಪು ಬಿಚ್ಚಿದ, ಪದರ ನೋಡಿದ, ಪೈಪಿಗೆ ಬಾಯಿಟ್ಟು ಊದಿದ, ಮತ್ತೆ ಕೂಡಿಸಿದ. ಅಕ್ಕ ಕಂಪಾಸ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಬಿಸಿಲು ಏರುತ್ತಿತ್ತು.

"ಅಪ್ಪಾ, ಕಡ್ಡಿ ಹಾಕಿ ನೋಡ್ಲೇನ?"

"ಸುಮ್ಕ ಕೂಡ! ಮುಳ್ಳ ಕಾಣಸ್ವಲ್ದ ನಿನಗ?"

ನಾನೇನು ಸುಮ್ಮನೆ ಕೂಡುವವಳೇ? ರಸ್ತೆಬದಿಯ ಬಿದಿರಿನ ಒಣ ಕಡ್ಡಿ ಮುರಿದು, ಸೀಟು ಎತ್ತಿ ಇಳಿಸಿದೆ. ಒಣಗಿದ್ದು ಒಣಗಿದಂತೆಯೇ ಬಂತು. ಒಯ್ದು ಅಪ್ಪನ ಮೂಗಿಗೆ ಹಿಡಿದೆ. ಅವನು ಕಡ್ಡಿ ನೋಡಿದ, ಗೇಜು ನೋಡಿದ.

"ಉಲ್ಟಾ ಐತಿ ಇದು" ಎಂದ ಮೆಲ್ಲಗೆ. ಬೇರೆ ಗಾಡಿಯ ಫ್ಲೋಟಿನ ಲೆಕ್ಕವೇ ಬೇರೆ. ಪೆಟ್ರೋಲ್ ಇಳಿದಷ್ಟೂ ಮುಳ್ಳು ಏರಿಸುತ್ತಿತ್ತು. ಅರ್ಧ ಇದ್ದಾಗಷ್ಟೇ ಅದು ಖರೇ ಹೇಳಿತ್ತು.

ಬಿದಿರು ಹೇರಿದ ಲಾರಿಯೊಂದು ಬಂತು. ಅದರದು ಡೀಸೆಲ್, ನಮಗೆ ಉಪಯೋಗವಿಲ್ಲ. ಡ್ರೈವರ್ ಪುಣ್ಯಾತ್ಮ ಮೂವರನ್ನೂ ಹತ್ತಿಸಿಕೊಂಡ. ನಾವು ಮುಟ್ಟುವಾಗ ಪರೀಕ್ಷೆ ಶುರುವಾಗಿ ಅರ್ಧ ತಾಸು ಮೀರಿತ್ತು. ಅರ್ಧ ತಾಸಿನ ಮೇಲೆ ಬಂದವರನ್ನು ಬಿಡುವಂತಿಲ್ಲವೆಂದು ಗೇಟಿನಲ್ಲಿದ್ದ ಮಾಸ್ತರರು ಅಡ್ಡಡ್ಡ ತಲೆಯಾಡಿಸಿದರು.

ಅಪ್ಪ ಗ್ರೀಸು ಮೆತ್ತಿದ ಕೈ ಮುಗಿದ. "ತಪ್ಪ ನಂದ್ರಿ, ಸರ. ಬೇಕಾದ್ರ ನನ್ನ ಫೇಲ್ ಮಾಡ್ರಿ. ಆಕೀನ್ನ ಒಳಗ ಬಿಡ್ರಿ."

ಬಿಡಲಿಲ್ಲ. ಅಕ್ಕ ಅಳಲಿಲ್ಲ, ಅತ್ತವನು ಅಪ್ಪ. "ಅಕ್ಟೋಬರ್‌ದಾಗ ಬರೀತೇನಿ, ನಡಿ ಅಪ್ಪಾ" ಎಂದು ಅವಳೇ ಅವನ ತೋಳು ಹಿಡಿದು ಕರೆದುಕೊಂಡು ಬಂದಳು.

ಅಕ್ಟೋಬರಿನ ಮರುಪರೀಕ್ಷೆಗೆ ಅಪ್ಪ ಹಿಂದಿನ ದಿನವೇ ಹೊರಟ. ಅಕ್ಕನನ್ನು ದಾಂಡೇಲಿಗೆ ಹತ್ತಿದ ಅಂಬೇವಾಡಿಯ ಪರಿಚಯದವರ ಮನೆಯಲ್ಲಿ ಬಿಟ್ಟು, ತಾನು ಶಾಲೆಯ ಗೇಟಿನೆದುರು ಜೀಪಿನಲ್ಲೇ ಮಲಗಿದ. ಬೆಳಗ್ಗೆ ಚಹಾಕ್ಕೂ ಅಲ್ಲಿಂದ ಕದಲಲಿಲ್ಲವಂತೆ, ಅಷ್ಟರಲ್ಲಿ ಯಾರಾದರೂ ಗೇಟು ಹಾಕಿಬಿಟ್ಟಾರೆಂದು. ಅಕ್ಕ ಪಾಸಾದಳು.

ಈಗಿನ ನನ್ನ ಕಾರು ಇನ್ನೆಷ್ಟು ಕಿಲೋಮೀಟರ್ ಓಡುತ್ತೇನೆಂದು ತಾನೇ ಬರೆದು ತೋರಿಸುತ್ತದೆ. ಒಮ್ಮೆಯೂ ತಪ್ಪಿಲ್ಲ. ಆದರೆ ನನಗೆ ತಡವಾದೀತೆಂದು ಹಿಂದಿನ ದಿನವೇ ಹೋಗಿ ಗೇಟು ಕಾಯುವವರು ಈಗ ಯಾರೂ ಇಲ್ಲ.