ಮಜ್ಜಿಗೆಯ ಕಿಲುಬು, ಸ್ಪಂಜಿನ ಕ್ಲೋರಿನ್

ಮೀನಿನ ವಾಸನೆ ಬಂದರೆ ಮೂಗು ಮುಚ್ಚುವ ಮನೆತನ ನಮ್ಮದು. ಅಂಥ ಮನೆಯ ಹುಡುಗಿ, ನನ್ನ ತಂಗಿಯ ಮಗಳು ಸುಮಾ, ಮೂರು ವರ್ಷದಿಂದ ಕಲಬುರಗಿಯ ಲ್ಯಾಬಿನಲ್ಲಿ ಕೂತು ಸಮುದ್ರದ ಸ್ಪಂಜು ಅರೆಯುತ್ತಿದ್ದಾಳೆ. ಪಿಎಚ್‌ಡಿಗೆ!

ಹೋದ ತಿಂಗಳು ಫೋನು ಮಾಡಿದಳು. "ಮಾಮಾ, ಹೊಸಾ ಮಾಲಿಕ್ಯೂಲ್ ಸಿಕ್ಕಾದ! ಕ್ಲೋರಿನ್ ಇರೋ ಅಲ್ಕಲಾಯ್ಡ್. ಯಾರೂ ನೋಡಿದ್ದಿಲ್ಲ."

ಗಾಜಿಪುರದ ನಮ್ಮ ಅರ್ಧ ಓಣಿಗೆ ಪೇಡೆ ಹಂಚಿದೆ. (ಅಲ್ಕಲಾಯ್ಡ್ ಅಂದರೇನೆಂದು ಕೇಳಿದ್ದು ಆಮೇಲೆ.) ಸಾಲದೆಂದು ಇದೇ ಅಂಕಣದಲ್ಲಿ ಬರೆದೂ ಬಿಟ್ಟೆ. ನಿಮಗೆ ನೆನಪಿರಬೇಕು.

ಚಹಾದ ಕೆಫೀನ್, ತಂಬಾಕಿನ ನಿಕೋಟಿನ್ ಎಲ್ಲ ಅಲ್ಕಲಾಯ್ಡ್‌ಗಳೇ. ಓಡಲಾರದ, ಕಚ್ಚಲಾರದ ಪ್ರಾಣಿ ಈ ಸ್ಪಂಜು; ಸಮುದ್ರದ ನೀರಿನಿಂದ ಬ್ರೋಮಿನ್ ಎಳೆದು ತನ್ನ ಅಲ್ಕಲಾಯ್ಡ್‌ಗೆ ಜೋಡಿಸಿಕೊಳ್ಳುತ್ತದೆ. ತಿನ್ನಲು ಬಂದವರಿಗೆ ಅದು ವಿಷ. ಬ್ರೋಮಿನ್ ಮಾಮೂಲು, ಕ್ಲೋರಿನ್ ಅಪರೂಪ. ಹಾಗಾಗಿ ವಿಜ್ಞಾನ ಪತ್ರಿಕೆಯೊಂದಕ್ಕೆ ಪೇಪರ್ ಸಿದ್ಧವಾಯಿತು. ಸೋಮವಾರ ಕಳಿಸುವುದು. ಪಿಎಚ್‌ಡಿ ನಿಂತಿದ್ದೇ ಅದರ ಮೇಲೆ.

ಭಾನುವಾರ ನಾನೂ ಸುಮಾನೂ ಕಮಲಾಪುರಕ್ಕೆ, ಅವ್ವನ ಮನೆಗೆ ಹೋದೆವು. ಊಟದಲ್ಲಿ ಮಜ್ಜಿಗೆ ಬಾಯಿಗಿಟ್ಟವನೇ ಮುಖ ಕಿವುಚಿದೆ. "ಎಮ್ಮಿ ಏನು ತಿಂದಾದವ್ವಾ?"

"ಎಮ್ಮಿಗ್ಯಾಕ ಬೈತಿ? ಹಿತ್ತಾಳಿ ಭಗೋಣಿದು ಕಲಾಯಿ ಹೋಗ್ಯಾದ. ಎರಡು ದಿನ ಅದ್ರಾಗೇ ಉಳೀತು, ಕಿಲುಬು ಇಳದದ" ಅಂದಳು ಅವ್ವ.

ಸುಮಾ ಎತ್ತಿದ ತುತ್ತು ತಾಟಿಗೆ ಇಳಿಸಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಬಾಯಿಬಿಟ್ಟಳು. ಸ್ಪಂಜಿನಿಂದ ಅಲ್ಕಲಾಯ್ಡ್ ತೆಗೆಯಲು ಅದನ್ನು ಡೈಕ್ಲೋರೋಮೀಥೇನ್ ಎಂಬ ದ್ರಾವಕದಲ್ಲಿ ನೆನೆಸಿದ್ದಳಂತೆ. "ಅದ್ರಾಗೇ ಕ್ಲೋರಿನ್ ಅದ ಮಾಮಾ. ಅಣ್ಣನ ಮದ್ವಿಗಿ ಬಂದು ಹದಿನೈದು ದಿನ ಹಂಗೇ ಬಿಟ್ಟಿದ್ದೆ. ಅದೇ ಹೋಗಿ ಅಲ್ಕಲಾಯ್ಡಿಗಿ ಹತ್ಕೊಂಡಿರಬೇಕು."

"ಯಾರಿಗಿ ಗೊತ್ತಾಗ್ತದ? ಕಳಿಸಿಬಿಡು" ಅಂದೆ. (ಪೇಡೆ ಹಂಚಿದವನು ನಾನಲ್ಲವೇ?)

ಆಕೆ ನನ್ನ ಮುಖ ನೋಡಲಿಲ್ಲ. ಸೋಮವಾರ ಪೇಪರ್ ಕಳಿಸಲೂ ಇಲ್ಲ. ಉಳಿದಿದ್ದ ಸ್ಪಂಜಿನ ತುಂಡನ್ನು ಈ ಸಲ ಆಲ್ಕೋಹಾಲ್‌ನಲ್ಲಿ ನೆನೆಸಿ ನೋಡಿದಳು. ಬ್ರೋಮಿನ್‌ನದು ಬಂತು. ಕ್ಲೋರಿನ್‌ನದು ಬರಲೇ ಇಲ್ಲ.

ಪಿಎಚ್‌ಡಿ ಇನ್ನೊಂದು ವರ್ಷ ಮುಂದೆ ಹೋಯಿತು. ನನಗಂತೂ ಬೇಜಾರಾಯಿತು. ಆಕೆಗೆ? "ಅತ್ತು ಅತ್ತು ಸಾಕಾಗ್ಯಾದ. ಇನ್ನೊಂದು ಸ್ಪಂಜು ನೋಡ್ತೀನಿ" ಅಂದಳು.

ತಿದ್ದುಪಡಿ ಹಾಕೋಣವೆಂದು ನಾನು ಹಳೆಯ ಅಂಕಣ ತೆಗೆದೆ. ಆಕೆ ಫೋನಿನಲ್ಲಿ ಹೇಳಿದ್ದು ಮೂರೇ ಮಾತು. ನಾನು ಬರೆದದ್ದರಲ್ಲಿ ಕ್ಯಾನ್ಸರಿಗೆ ಔಷಧಿಯೂ ಸಿಕ್ಕಿಬಿಟ್ಟಿದೆ.

ಅದು ಯಾವ ಭಗೋಣಿಯಿಂದ ಇಳಿದದ್ದು?