ಚಂದ್ರಕ್ಕನ ತೋಳು, ಒಂಬತ್ತು ಬ್ಲೌಸು

ನಮ್ಮ ಪಕ್ಕದ ಮನೆಯ ಚಂದ್ರಕ್ಕ ಯಾರ ಬ್ಲೌಸು ಹೊಲಿದರೂ ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟೇ ಹೊಲಿಯುತ್ತಾಳೆ. "ಮೈ ಇವತ್ತು ಇದ್ದಂಗೆ ನಾಳೆ ಇರಲ್ಲ ಕಣೆ. ಹೆರಿಗೆ ಐತೆ, ಕಾಯಿಲೆ ಐತೆ, ಮದುವೆ ಊಟ ಐತೆ" ಅನ್ನುತ್ತಾಳೆ. ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳ ಮೆಷಿನ್ನು ಇಪ್ಪತ್ತೆರಡು ವರ್ಷದಿಂದ ಓಡುತ್ತಿದೆ. ರಾಮಗಿರಿಯಿಂದ, ಹೊಸದುರ್ಗದಿಂದಲೂ ಹೆಂಗಸರು ಅಳತೆ ಕೊಡಲು ಬರುತ್ತಾರೆ. ನಾನು ಬಾಣಂತನ ಮುಗಿಸಿಕೊಂಡು ಬಂದಾಗ ನನ್ನ ಹಳೇ ಬ್ಲೌಸುಗಳ ಹೊಲಿಗೆ ಬಿಚ್ಚಿ, ಒಳಗಿದ್ದ ಬಟ್ಟೆ ಬಿಟ್ಟುಕೊಟ್ಟವಳು ಅವಳೇ. ಒಂದೂ ಹಾಳಾಗಲಿಲ್ಲ.

ಅಂಥವಳು ತನ್ನ ಮೈಯ ವಿಷಯಕ್ಕೆ ಬಂದಾಗ ಅದನ್ನು ಮರೆತಳು.

ಚಂದ್ರಕ್ಕನದು ಸಾಧಾರಣ ಮೈಕಟ್ಟು. ಭುಜದಿಂದ ಮೊಣಕೈವರೆಗೆ ಮಾತ್ರ ಬೇರೆ ಯಾರದೋ ತೋಳು ತಂದು ಜೋಡಿಸಿದ ಹಾಗಿತ್ತು. ಅವಳಮ್ಮನಿಗೂ ಹಾಗೇ ಇತ್ತಂತೆ. ರಾತ್ರಿ ಅನ್ನ ಬಿಟ್ಟಳು, ಬೆಳಿಗ್ಗೆ ನಡೆದಳು. ಮುಖ ಸೊರಗಿತು, ತೋಳು ಜಪ್ಪಯ್ಯ ಅನ್ನಲಿಲ್ಲ. ಬೇಸಿಗೆಯಲ್ಲಿ ಕಂಕುಳ ಹತ್ತಿರ ಉಜ್ಜಿ ಉಜ್ಜಿ ಹುಣ್ಣಾಗುತ್ತಿತ್ತು. ಕತ್ತರಿ ಹಿಡಿದು ಹತ್ತು ನಿಮಿಷವಾದರೆ ಭುಜ ಸೋಲುತ್ತಿತ್ತು. ಅದರ ಮೇಲೆ ಹೊನ್ನಕ್ಕ ಅನ್ನುವ ಗಿರಾಕಿ ಬಂದಾಗಲೆಲ್ಲ, "ಏನೇ ಚಂದ್ರಿ, ನಿನ್ನ ತೋಳಿಗೆ ಹಿಡಿಯೋ ಬಟ್ಟೇಲಿ ನನಗೊಂದು ಬ್ಲೌಸೇ ಆಗ್ತೈತಲ್ಲೇ" ಅಂತ ನಗುತ್ತಿದ್ದಳು. ಚಂದ್ರಕ್ಕನೂ ನಗುತ್ತಿದ್ದಳು. ಹೊನ್ನಕ್ಕ ಹೋದಮೇಲೆ ಮೆಷಿನ್ನನ್ನು ಸುಮ್ಮನೆ ಜೋರಾಗಿ ತುಳಿಯುತ್ತಿದ್ದಳು.

ಲೈಪೋಸಕ್ಷನ್ ಅನ್ನೋದನ್ನು ಅವಳು ಫೋನಿನಲ್ಲಿ ನೋಡಿದ್ದು. ದುರ್ಗದ ಒಂದು ಆಸ್ಪತ್ರೆಗೆ ಕೇಳಿಕೊಂಡು ಬರಲು ಹೋದಾಗ ನಾನೂ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೋದೆ. ಬ್ಯಾಗಿನಲ್ಲಿ ಡೈರಿಯೂ ಇತ್ತು. ಮಗುವಿನ ಲಸಿಕೆಯಿಂದ ಹಿಡಿದು ನಲ್ಲಿ ನೀರು ಬಂದ ಹೊತ್ತಿನವರೆಗೆ ಎಲ್ಲ ಬರೆದಿಡುವುದು ನನ್ನ ಚಾಳಿ. ಡಾಕ್ಟರಮ್ಮ ಹೇಳಿದ್ದನ್ನೂ ಬರೆದುಕೊಂಡೆ.

"ಇದು ತೂಕ ಇಳಿಸೋ ಆಪರೇಷನ್ ಅಲ್ಲಮ್ಮ. ಸಣ್ಣ ತೂತು ಮಾಡಿ, ಚರ್ಮದ ಕೆಳಗಿನ ಕೊಬ್ಬನ್ನ ನಳಿಕೇಲಿ ಎಳೆದು ತೆಗೀತೀವಿ. ಎಲ್ಲಾನೂ ಅಲ್ಲ, ತೆಗೆಯೋಕೆ ಆಗೋವಷ್ಟು. ಆಮೇಲೆ ಊದುತ್ತೆ, ನೀಲಿಗಟ್ಟುತ್ತೆ, ಜೋಮು ಹಿಡಿದಂಗಿರುತ್ತೆ. ಮೊದಮೊದಲು ಮುಂಚಿಗಿಂತ ದಪ್ಪಾನೂ ಕಾಣಬಹುದು. ಆರು ವಾರ ಬಿಗಿ ಅಂಗಿ ಹಾಕ್ಕೋಬೇಕು. ನಿಜವಾದ ಆಕಾರ ನೋಡೋಕೆ ಮೂರು ತಿಂಗಳು, ಕೆಲವರಿಗೆ ಆರು. ಚರ್ಮ ಸ್ವಲ್ಪ ಜೋತು ಬಿದ್ರೂ ಬೀಳಬಹುದು. ತೂಕ ಏರಿಸ್ಕೊಂಡ್ರೆ ಉಳಿದಿರೋ ಕೊಬ್ಬು ಮತ್ತೆ ದಪ್ಪ ಆಗುತ್ತೆ."

"ನನ್ನ ಹೊಟ್ಟೆಗೂ ಆಗುತ್ತಾ ಡಾಕ್ಟ್ರೇ?" ಅಂತ ನಾನೂ ಮೆಲ್ಲಗೆ ಕೇಳಿದೆ.

ಒತ್ತಿ ನೋಡಿ ನಕ್ಕರು. "ನಿಮ್ದು ಕೊಬ್ಬಲ್ಲ, ಹೆರಿಗೇಲಿ ಅಗಲ ಆಗಿರೋ ಸ್ನಾಯು. ಅದು ನಳಿಕೇಲಿ ಬರಲ್ಲ. ವ್ಯಾಯಾಮ ಮಾಡ್ರಿ."

ವಾಪಸು ಬಸ್ಸಿನಲ್ಲಿ ಚಂದ್ರಕ್ಕ ಕಿಟಕಿಯ ಕಡೆ ನೋಡುತ್ತಾ ಕೇಳಿದಳು: "ಎಷ್ಟಿಂಚು ಇಳಿಬೋದು ಲೇ?"

"ಅವರು ಇಂಚು ಹೇಳಲೇ ಇಲ್ಲ ಅಕ್ಕ."

"ನಾಲ್ಕಾದ್ರೂ ಇಳಿತೈತೆ ಬಿಡು."

ತಮಾಷೆಗೆ ಅಂದಳು ಅಂದುಕೊಂಡೆ.

ಆಪರೇಷನ್ ಸುಸೂತ್ರವಾಗಿ ಆಯಿತು. ಒಂದು ದಿನ ಇದ್ದು ಮನೆಗೆ ಬಂದಳು. ಹಾಕಿದ್ದ ಬಿಗಿ ಎಲಾಸ್ಟಿಕ್ ಅಂಗಿಯಿಂದ ಎರಡು ದಿನ ನಸುಗೆಂಪು ನೀರು ಜಿನುಗಿತು. ಗೊಬ್ಬರದಂಗಡಿಗೆ ಹೋಗದೆ ಮನೆಯಲ್ಲೇ ಕುಂತಿದ್ದ ಅವಳ ಗಂಡ ಏಕಾಂತಣ್ಣ ಹಳೇ ಟವೆಲ್ಲು ಹಾಸಿ, ತೆಗೆದು, ಒಗೆದು ಹಾಕಿದರು. "ಒಳ್ಳೆ ಸೋರೋ ನಲ್ಲಿ ಕಟ್ಕೊಂಡಂಗಾಯ್ತಲ್ಲೇ" ಅಂದರೆ ಚಂದ್ರಕ್ಕ ನಗಲೂ ಆಗದೆ, "ಅಯ್ಯೋ, ನಗಿಸಬ್ಯಾಡ್ರಿ, ನೋಯ್ತೈತೆ" ಅನ್ನುತ್ತಿದ್ದಳು.

ಹತ್ತನೇ ದಿನ ಸ್ನಾನ ಮಾಡಿಸಲು ನಾನು ಹೋದೆ. ಅಂಗಿ ಬಿಚ್ಚಿದ್ದೇ ತಡ, ಮೆಷಿನ್ನಿನ ಮೇಲಿದ್ದ ಟೇಪು ಎಳೆದು ತೋಳಿಗೆ ಸುತ್ತಿಕೊಂಡಳು. ಮೊದಲು ಹದಿನೆಂಟು ಇಂಚು ಇದ್ದದ್ದು ಈಗ ಹದಿನೆಂಟೂವರೆ.

ಚಂದ್ರಕ್ಕ ಬೀರು ತೆರೆದು ಬ್ಲೌಸುಗಳನ್ನು ಮಂಚದ ಮೇಲೆ ಸುರಿದಳು. ಒಂಬತ್ತು. ಆಪರೇಷನ್ನಿನ ಹಿಂದಿನ ವಾರ ಯಾರಿಗೂ ಹೇಳದೆ ಎಲ್ಲದರ ತೋಳನ್ನೂ ನಾಲ್ಕಿಂಚು ಒಳಗೆ ಹಿಡಿದು ಹೊಲಿದಿದ್ದಳು. ಹೊಲಿದು ಬಿಟ್ಟಿದ್ದರೆ ಚಿಂತೆಯಿರಲಿಲ್ಲ, ಉಳಿದ ಬಟ್ಟೆಯನ್ನು ಕತ್ತರಿಸಿ ಎಸೆದೂ ಬಿಟ್ಟಿದ್ದಳು.

"ಒಳಗೆ ಬಟ್ಟೆ ಬಿಡಲಿಲ್ವಾ ಅಕ್ಕ?"

"ಇದ್ರೆ ತಾನೇ ವಾಪಸು ಬಿಡೋದು? ಬಿಡಬಾರದು ಅಂತಲೇ ಕತ್ತರಿಸಿದೆ." ಹಾಗಂದು ಕತ್ತರಿ ತೆಗೆದು ಅದರ ಅಲಗನ್ನು ತೋಳಿಗೆ ಒತ್ತಿ ಹಿಡಿದಳು. "ನೋಡು, ತಣ್ಣಗೈತೋ ಬೆಚ್ಚಗೈತೋ ಏನೂ ಗೊತ್ತಾಗಲ್ಲ. ಬ್ಲೌಸು ಹೋದ್ರೆ ಹೋಗ್ಲಿ ರಮ್ಯಾ. ತೋಳೇ ಹೋದ್ರೆ ನಾನು ಹೊಲಿಯೋದೆಂಗೆ? ಸುಮ್ಮನಿದ್ದ ಕೈಯನ್ನ ನಾನೇ ಕೆಡಿಸಿಕೊಂಡ್ನಲ್ಲೇ." ಅಷ್ಟು ವರ್ಷ ಹೊನ್ನಕ್ಕನ ಮಾತಿಗೆ ಅಳದವಳು ಅವತ್ತು ಅತ್ತಳು.

ನನಗೂ ಹೆದರಿಕೆಯಾಯಿತು. ಮಗಳನ್ನು ಏಕಾಂತಣ್ಣನ ತೊಡೆಗೆ ಹಾಕಿ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಜ್ವರ ಇದೆಯಾ, ತೋಳು ಕೆಂಪಗೆ ಬಿಸಿಯಾಗಿದೆಯಾ, ಒಂದೇ ಕಡೆ ನೋವು ಏರುತ್ತಿದೆಯಾ, ಉಸಿರಾಟ ಸರಿಯಾಗಿದೆಯಾ ಅಂತ ಒಂದೊಂದಾಗಿ ಕೇಳಿದರು. ಅಂಥದ್ದೇನೂ ಇರಲಿಲ್ಲ.

"ಬೆರಳು ಆಡುತ್ತಾ?"

ನಾನು ಸೂಜಿ, ದಾರ ಕೊಟ್ಟೆ. ಕಣ್ಣಲ್ಲಿ ನೀರು ತುಂಬಿಕೊಂಡೇ ಚಂದ್ರಕ್ಕ ಮೊದಲ ಸಲಕ್ಕೇ ಪೋಣಿಸಿಬಿಟ್ಟಳು.

"ಮೇಲಿನ ಚರ್ಮಕ್ಕೆ ಜೋಮು ಅಷ್ಟೇ, ಕೈಗೇನೂ ಆಗಿಲ್ಲ. ನಾಳೆ ಕರ್ಕೊಂಡು ಬನ್ನಿ, ನೋಡ್ತೀನಿ" ಅಂದರು.

ಮರುದಿನ ನೋಡಿ ಎಲ್ಲ ಸರಿಯಿದೆ ಅಂದರು. ನಾನು ಡೈರಿ ತೆಗೆದು, "ಮೊದಮೊದಲು ಮುಂಚಿಗಿಂತ ದಪ್ಪಾನೂ ಕಾಣಬಹುದು" ಅನ್ನುವ ಸಾಲನ್ನು ಬಸ್ಸಿನಲ್ಲೇ ಓದಿ ಹೇಳಿದೆ. "ಇದನ್ನ ಯಾವಾಗ ಹೇಳಿದ್ರು?" ಅಂದಳು ಚಂದ್ರಕ್ಕ. ಪಕ್ಕದಲ್ಲೇ ಕುಂತು ಕೇಳಿಸಿಕೊಂಡಿದ್ದಳು!

ಹೊಲಿಗೆ ಹೇಗೂ ನಿಂತಿತ್ತು, ಮನೆಗೆ ಬಂದು ಅವಳ ಟೇಪನ್ನು ನಾನು ಕಿತ್ತುಕೊಂಡೆ. ಮಗಳ ಬಟ್ಟೆಯ ಗಂಟಿನಡಿ ಬಚ್ಚಿಟ್ಟೆ. ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು, "ಟೇಪು ಕೊಡೇ, ಒಂದೇ ಸಲ" ಅನ್ನುತ್ತಿದ್ದಳು. "ಆರು ವಾರ ಆಗ್ಲಿ." ಒಂದು ದಿನ ತೋಳಿಗೆ ದಾರ ಸುತ್ತಿ ಗಂಟು ಹಾಕಿ ಅಳೆದುಕೊಳ್ಳುವಾಗ ಏಕಾಂತಣ್ಣನ ಕೈಗೆ ಸಿಕ್ಕಿಬಿದ್ದಳು. ಅವರು ದಾರದುಂಡೆಯನ್ನೂ ನಮ್ಮ ಮನೆಗೆ ತಂದುಕೊಟ್ಟರು.

ಆರನೇ ವಾರ ಹದಿನೇಳು. ಮೂರು ತಿಂಗಳಿಗೆ ಹದಿನಾರು. ಅಲ್ಲಿಗೆ ಇಳಿದದ್ದು ಎರಡೇ ಇಂಚು. ತೂಕ ಒಂದು ಕಿಲೋ ಕೂಡ ಇಳಿದಿಲ್ಲ. ಎಡತೋಳಿನ ಒಳಗಡೆ ಒಂದು ಸಣ್ಣ ಗುಳಿ ಇದೆ, ಕೆಳಗೆ ಚರ್ಮ ತುಸು ಸಡಿಲ. ಆದರೆ ಈ ಬೇಸಿಗೆಯಲ್ಲಿ ಹುಣ್ಣಾಗಲಿಲ್ಲ. ಹಿರಿಯೂರಿನ ಒಂದು ಮದುವೆಗೆ ಹದಿನಾಲ್ಕು ಬ್ಲೌಸು ಬಂದಾಗ ಭುಜ ನೋವು ಅನ್ನದೆ ಕತ್ತರಿಸಿ ಮುಗಿಸಿದಳು.

ಮೊನ್ನೆ ಹೊನ್ನಕ್ಕ ಬಂದಿದ್ದಳು. ಚಂದ್ರಕ್ಕನ ಸುತ್ತ ತಿರುಗಿ ನೋಡಿ, "ಏನೂ ಕಾಣಲ್ಲ ಕಣೇ. ಇಷ್ಟಕ್ಕಾ ದುರ್ಗಕ್ಕೆ ಹೋಗಿ ಕುಯ್ಸ್ಕೊಂಡು ಬಂದೆ?" ಅಂದಳು.

"ನಿನಗೆ ಕಾಣ್ಲಿ ಅಂತ ಮಾಡಿಸ್ಲಿಲ್ಲ ಹೊನ್ನಿ. ಕೈ ಎತ್ತು, ಅಳತೆ ತಗೋಬೇಕು." ಟೇಪು ಸುತ್ತಿ, ಬೇಕಂತಲೇ ಜೋರಾಗಿ ಹೇಳಿದಳು: "ಹೋದ ಸಲಕ್ಕಿಂತ ಮೂರಿಂಚು ಜಾಸ್ತಿ. ಹೆದರಬ್ಯಾಡ, ನಿನಗೂ ಒಳಗೆ ಬಟ್ಟೆ ಬಿಟ್ಟಿರ್ತೀನಿ."

ಇವತ್ತು ಮಧ್ಯಾಹ್ನ ಆ ಒಂಬತ್ತು ಬ್ಲೌಸುಗಳನ್ನು ಬಿಚ್ಚಿ ಕುಂತಿದ್ದಳು. ಕಂಕುಳ ಕೆಳಗೆ ಹೊಂದುವ ಬಣ್ಣದ ಪಟ್ಟಿ ಜೋಡಿಸಬೇಕು. ನಾನು ಚೂರು ಬಟ್ಟೆ ಆರಿಸಿ ಕೊಡುತ್ತಿದ್ದೆ, ಮಗಳು ನೆಲದ ಮೇಲೆ ತೆವಳುತ್ತಿದ್ದಳು. ಪಟ್ಟಿ ಕತ್ತರಿಸಿದ ಚಂದ್ರಕ್ಕ ಕತ್ತರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸೂಜಿಗೆ ಕೈ ಚಾಚಿದವಳು ಅರ್ಧಕ್ಕೇ ತಡೆದಳು.

"ಲೇ ರಮ್ಯಾ."

"ಏನಕ್ಕ?"

ಕತ್ತರಿ ತೆಗೆದು ತೋಳಿನ ಉದ್ದಕ್ಕೂ ಮೆಲ್ಲಗೆ ಒತ್ತಿ ನೋಡಿಕೊಂಡಳು. ಆ ತೋಳು, ಮತ್ತೆ ಈ ತೋಳು.

"ತಣ್ಣಗೈತೆ ಕಣೇ!"

ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನಿನ್ನೂ ಏನೋ ಹೇಳುವಷ್ಟರಲ್ಲಿ ಅವಳೇ ಗದರಿದಳು: "ನನ್ನ ಮುಖ ಏನ್ ನೋಡ್ತೀಯ? ನಿನ್ನ ಮಗಳು ಗುಂಡಿ ಡಬ್ಬಿಗೆ ಕೈ ಹಾಕೈತೆ, ಎತ್ಕಳೇ ಮೊದ್ಲು."