ಮೂರನೇ ಪೋರ್ಟು

ಮದುವೆಯಾದ ಹೊಸದರಲ್ಲಿ ಗಂಡನಿಗೆ ಬುತ್ತಿ ಕೊಟ್ಟು ಬರುತ್ತೇನೆಂದು ಗ್ಯಾರೇಜಿಗೆ ಹೋದವಳು ಸಂಜೆಯಾದರೂ ಮನೆಗೆ ಬರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ದಾರಿ ನೋಡಿದ್ದೇ ಬಂತು. ಅಲ್ಲಿ ಆದದ್ದಿಷ್ಟೇ. ಊರವರೆಲ್ಲ ಮೇಸ್ತ್ರಿ ಎನ್ನುತ್ತಿದ್ದ ಅವಳ ಗಂಡನ ಎರಡು ಕೈಗೂ ಪುರುಸೊತ್ತಿರಲಿಲ್ಲ. "ಆ ಗಾಜಿನ ನಳಿಗೆಯಲ್ಲಿ ನೀರು ಎಲ್ಲಿಗೆ ಬಂತು, ಸ್ವಲ್ಪ ನೋಡಿ ಹೇಳೇ" ಅಂದ. ಅವಳು ನೋಡಿ ಹೇಳಿದಳು. ಆಮೇಲೆ ಇಡೀ ಆಯಸ್ಸು ಅದನ್ನೇ ನೋಡಿ ಹೇಳುತ್ತಾ ಕಳೆದಳು.

ಮೇಸ್ತ್ರಿಯದು ಊರಲ್ಲಿ ಹೆಚ್ಚು ಜನ ಮಾಡದ ಕೆಲಸ. ಕಾರಿನ ಎಂಜಿನ್ನಿಗೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ಡಿನೊಳಗೆ ಪೋರ್ಟುಗಳೆಂಬ ಬಾಗಿದ ದಾರಿಗಳಿರುತ್ತವೆ. ಎಂಜಿನ್ ಉಸಿರಾಡುವುದು ಅವುಗಳಿಂದ. ಎರಕ ಹೊಯ್ದಾಗ ಅಲ್ಲಿ ಉಳಿದ ಗಂಟನ್ನೂ ಒರಟನ್ನೂ ಪುಟ್ಟ ಗ್ರೈಂಡರಿನಿಂದ ಸವರಿ, ಗಾಳಿ ಎಲ್ಲೂ ತಡವರಿಸದೆ ನುಗ್ಗುವಂತೆ ಮಾಡಬೇಕು. ಸವರುವುದು, ಹೆಡ್ಡನ್ನು ಮೇಜಿನ ಮೇಲಿಟ್ಟು ಗಾಳಿ ಎಳೆಸಿ ಅಳೆಯುವುದು, ಮತ್ತೆ ಸವರುವುದು. ಆ ಮೇಜನ್ನು ಹಳೇ ವ್ಯಾಕ್ಯೂಮ್ ಕ್ಲೀನರುಗಳ ಮೋಟರು ಜೋಡಿಸಿ ಅವನೇ ಮಾಡಿಕೊಂಡಿದ್ದ. ಗಾಳಿ ಹೆಚ್ಚು ಹರಿದಷ್ಟೂ ಓರೆಯಾಗಿ ಕೂರಿಸಿದ ನಳಿಗೆಯಲ್ಲಿ ಕೆಂಪು ನೀರು ಮೇಲೇರುತ್ತಿತ್ತು.

ಅವನು ಸವರಿದ, ಅವಳು ಅಳೆದಳು. ಮಕ್ಕಳಾಗಲಿಲ್ಲ. ರೇಸಿಗೆ ಹೋಗುವ ಹುಡುಗರೆಲ್ಲ ಅವಳನ್ನು ಅತ್ತಿಗೆ ಅನ್ನುತ್ತಿದ್ದರು. "ಇನ್ನೊಂಚೂರು ಅಗಲ ಮಾಡ್ಸಿ ಅತ್ತಿಗೆ, ಅಣ್ಣ ನಮ್ ಮಾತು ಕೇಳಲ್ಲ" ಎಂದು ಅವಳ ಹಿಂದೆ ಬೀಳುತ್ತಿದ್ದರು. "ಅಗಲ ಮಾಡಿದ್ರೆ ಗಾಳಿ ಸೋಮಾರಿ ಆಗತ್ತಪ್ಪ, ನಿಮ್ ಥರಾನೇ" ಎಂದು ಅವಳು ನಗುತ್ತಿದ್ದಳು.

ಮೇಸ್ತ್ರಿ ಸವರಿದ ಹೆಡ್ಡಿನಲ್ಲಿ ನಾಲ್ಕೂ ಪೋರ್ಟುಗಳು ಅವಳಿ ಮಕ್ಕಳ ಹಾಗೆ ಒಂದೇ ಅಳತೆ ತೋರಿಸಬೇಕು. ಅದು ಅವನ ಹಟ. ಹೀಗಿರುವಾಗ ಒಂದು ದಿನ ಮೂರನೆಯದು ಉಳಿದವುಗಳಿಗಿಂತ ಹೆಚ್ಚು ತೋರಿಸಿತು. ಅವಳು ಮತ್ತೆ ಅಳೆದಳು, ಅಷ್ಟೇ ಬಂತು. ಆಗ ನೆನಪಾಯಿತು. ಬೆಳಿಗ್ಗೆ ಮೂರನೆಯದನ್ನು ಮುಗಿಸಿದವನು ಊಟವಾದ ಮೇಲೆ ಅದಕ್ಕೇ ಕೈ ಹಾಕಿದ್ದ. ಏನೋ ತಿದ್ದುತ್ತಿದ್ದಾನೆ ಅಂದುಕೊಂಡಿದ್ದಳು.

"ಎಷ್ಟು ಬಂತೇ?" ಎಂದು ಅವನು ಕೂಗಿದ.

"ಮೇಜಲ್ಲಿ ಎಲ್ಲೋ ಗಾಳಿ ಸೋರ್ತಿದೆ ರೀ" ಅಂದಳು. ಅವನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು.

ಆಮೇಲೆ ಅವಳ ಕಣ್ಣಿಗೆ ಒಂದೊಂದೇ ಬೀಳತೊಡಗಿತು. ಅವನು ವಾಲ್ವನ್ನು ಕೈಯಲ್ಲಿ ಹಿಡಿದುಕೊಂಡೇ ಅದನ್ನು ಹುಡುಕುತ್ತಿದ್ದ. ಹೇಳಿದ್ದನ್ನೇ ಹೇಳುತ್ತಿದ್ದ. ಮನೆಗೆ ಹೋಗುವ ತಿರುವಿನಲ್ಲಿ ನಿಂತು, ಅವಳು ಯಾವ ಕಡೆ ಹೆಜ್ಜೆಯಿಡುತ್ತಾಳೆಂದು ಕಾಯುತ್ತಿದ್ದ. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಮುಗಿದ ಪೋರ್ಟಿಗೆಲ್ಲ ಬಟ್ಟೆ ತುರುಕಿಡಲು ಶುರು ಮಾಡಿದಳು. ಇದೇನೆಂದು ಅವನು ಕೇಳಿದರೆ "ಧೂಳು ಹೋಗತ್ತೆ ರೀ" ಅನ್ನುವಳು. ಬಟ್ಟೆ ಇದ್ದ ಕಡೆ ಅವನು ಮುಟ್ಟುತ್ತಿರಲಿಲ್ಲ. ಹಾಗೇ ಒಂದು ವರ್ಷ ದೂಡಿದಳು.

ಒಮ್ಮೆ ಬ್ಯಾಂಕಿನಲ್ಲಿ ಸಹಿ ಹಾಕಲು ಅವಳೇ ಹೋಗಬೇಕಾಯಿತು. ವಾಪಸು ಬಂದಾಗ ನಾಲ್ಕೂ ಬಟ್ಟೆಗಳು ಮಡಿಸಿದ ಕರವಸ್ತ್ರಗಳಂತೆ ಬೆಂಚಿನ ಮೇಲೆ ಸಾಲಾಗಿದ್ದವು. ಅವನು ಮೈಮೇಲೆಲ್ಲ ಅಲ್ಯೂಮಿನಿಯಂ ಪುಡಿ ಹೊತ್ತು, ಕೆಲಸ ಚೆನ್ನಾಗಿ ಸಾಗಿದ ದಿನದ ಖುಷಿಯಲ್ಲಿ ಕೂತಿದ್ದ. ಅವಳು ಹೆಡ್ಡನ್ನು ಮೇಜಿಗೆ ಏರಿಸಿದಳು. ಮೂರನೇ ಪೋರ್ಟಿಗೆ ಬಂದಾಗ ನೀರು ಒಮ್ಮೆಲೇ ನಳಿಗೆಯ ತುದಿಗೆ ಜಿಗಿಯಿತು. ಟಾರ್ಚು ಬಿಟ್ಟು ನೋಡಿದರೆ ಒಳತಿರುವಿನ ಗೋಡೆಯಲ್ಲಿ ಕಡಲೆಕಾಳಿನಷ್ಟು ತೂತು. ಎಂಜಿನ್ನನ್ನು ತಂಪಾಗಿಡುವ ನೀರು ಓಡಾಡುವ ಜಾಗಕ್ಕೇ ದಾರಿಯಾಗಿತ್ತು.

ಆ ಹೆಡ್ಡು ಗಡ್ಡ ಎಂದು ಎಲ್ಲರೂ ಕರೆಯುವ ಡ್ರೈವರನದು. ತನ್ನ ಮೊದಲ ರೇಸಿನಿಂದಲೂ ಮೇಸ್ತ್ರಿಯನ್ನು ಬಿಟ್ಟು ಬೇರೆಯವರಿಗೆ ಹೆಡ್ಡು ಕೊಟ್ಟವನಲ್ಲ. ಅವನು ಬಂದಾಗ ಅವಳು ಹೊರಗೇ ತಡೆದು ಎಲ್ಲವನ್ನೂ ಹೇಳಿದಳು.

"ಹೆಡ್ಡು ಇನ್ನೊಂದು ಸಿಗತ್ತೆ ಅತ್ತಿಗೆ. ಅಣ್ಣನ್ನ ಡಾಕ್ಟರ್ ಹತ್ರ ತೋರಿಸಿದ್ರಾ?"

"ತೋರಿಸಿದ್ರೆ ಇದಕ್ಕೊಂದು ಹೆಸರಿಟ್ಟುಬಿಡ್ತಾರಪ್ಪ."

ಅವರು ಒಳಗೆ ಬಂದಾಗ ಮೇಸ್ತ್ರಿ ಟಾರ್ಚು ಹಿಡಿದು ಅದೇ ತೂತನ್ನು ನೋಡುತ್ತಿದ್ದ. "ಯಾವ ಕತ್ತೆ ಮಾಡಿದ ಕೆಲಸ ಇದು? ಕೈ ಬರದವರ ಹತ್ರ ಕೊಟ್ಟು ಹಾಳು ಮಾಡ್ಕೊಂಡು ಈಗ ನನ್ನ ಹತ್ರ ತಂದಿದೀಯ ಗಡ್ಡ?" ಎಂದು ಗದರಿದ.

ಗಡ್ಡ ಅವಳ ಮುಖ ನೋಡಿದ. "ತಪ್ಪಾಯ್ತಣ್ಣ" ಅಂದ.

ಮಾತು ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಮೇಸ್ತ್ರಿ ಪೋರ್ಟಿನೊಳಗೆ ಬೆರಳಿಟ್ಟು ಮೆಲ್ಲಗೆ ತಿರುಗಿಸಿದ. ಅವನು ಎಡಚ. ಅವನು ಉಜ್ಜಿದ ಗೆರೆಗಳು ಬೇರೆಯವರ ಗೆರೆಗಳಿಗೆ ಎದುರು ದಿಕ್ಕಿನಲ್ಲಿ ಓರೆಯಾಗಿರುತ್ತಿದ್ದವು. ಅವನ ಮುಖ ನೋಡನೋಡುತ್ತಿದ್ದಂತೆ ಬಿಳಿಚಿಕೊಂಡಿತು.

"ಇದು ನನ್ ಕೈ ಕಣೇ" ಅಂದ.

ಅವಳು ಅವನ ಕೈಯಿಂದ ಟಾರ್ಚು ತೆಗೆದುಕೊಂಡು ಆರಿಸಿದಳು. ಗಡ್ಡ ಸದ್ದಿಲ್ಲದೆ ಹೊರಗೆ ಹೋದ. ಮೇಸ್ತ್ರಿ ಗ್ರೈಂಡರಿನ ತಂತಿ ಸುತ್ತಿ ಅದನ್ನು ಅವಳ ಮಡಿಲಲ್ಲಿಟ್ಟ. "ನಾಳೆ ಕೇಳ್ತೀನಿ. ಕೊಡಬೇಡ. ಬೈದ್ರೂ ಕೊಡಬೇಡ."

ಮರುದಿನ ಕೇಳಿದ. ಅವಳು ನಡೆದದ್ದನ್ನು ಹೇಳಿದಳು. ಅವನು ನಿನ್ನೆಯ ಹಾಗೇ ಬಿಳಿಚಿಕೊಂಡು ಕುಸಿದು ಕೂತ, ಮೊದಲ ಸಲ ಕೇಳಿದವನಂತೆ. ಅದರ ಮರುದಿನವೂ ಕೇಳಿದ. ಆಗ ಅವಳಿಗೆ ಅರ್ಥವಾಯಿತು. ಈ ಮಾತನ್ನು ದಿನಾ ಬೆಳಿಗ್ಗೆ ಹೇಳುವುದೆಂದರೆ ದಿನಾ ಬೆಳಿಗ್ಗೆ ಅವನ ಹೊಟ್ಟೆಗೆ ಹೊಸದಾಗಿ ಚೂರಿ ಹಾಕಿದಂತೆ. ಗುಜರಿಯಿಂದ ಬಿರುಕು ಬಿಟ್ಟ ಹೆಡ್ಡೊಂದನ್ನು ತಂದು ಅವನ ಮುಂದಿಟ್ಟು, ಗ್ರೈಂಡರು ಕೈಗೆ ಕೊಟ್ಟಳು.

"ಯಾರದೇ ಇದು?"

"ಗಡ್ಡಂದು. ಅವಸರ ಇಲ್ವಂತೆ."

ಅವನು ಸವರಿದ. ಅವಳು ಅಳೆದಳು. ಬಂದ ಅಳತೆ ಬಿಟ್ಟು, ಅವನಿಗೆ ಇಷ್ಟವಾಗುವ ಅಳತೆಯನ್ನು ಕೂಗಿ ಹೇಳಿದಳು. ಅವನು ಮಗುವಿನಂತೆ ಹಿಗ್ಗಿದ. ಗಂಡನಿಗೆ ಕೊಡಬಹುದಾದದ್ದು ಅಷ್ಟೇ ಉಳಿದಿತ್ತು, ಕೊಟ್ಟಳು. ನಿಜವಾದ ಹೆಡ್ಡು ತಂದವರನ್ನು ಬಾಗಿಲಿಂದಲೇ ವಾಪಸು ಕಳಿಸಿದಳು. ಬರುವವರು ಕಡಿಮೆಯಾದರು. ಗುಜರಿಯವನು ಮಾತ್ರ, ಏನೂ ಕೇಳದೆ, ಅವಳಿಗೆಂದು ಒಡೆದ ಹೆಡ್ಡುಗಳನ್ನು ಎತ್ತಿಡುತ್ತಿದ್ದ.

ಕೊನೆಗೆ ಗ್ರೈಂಡರಿನ ಸದ್ದಿಗೇ ಅವನು ಬೆಚ್ಚಿಬೀಳುವ ಕಾಲ ಬಂತು. ಗ್ಯಾರೇಜು ಮುಚ್ಚಿದಳು. ಅಳೆಯುವ ಮೇಜನ್ನು ಗಡ್ಡ ಬಂದು ಕೊಂಡೊಯ್ದ. ವ್ಯಾನಿಗೆ ಹತ್ತಿಸುವಾಗ ನಳಿಗೆ ಒಡೆಯದಿರಲೆಂದು ಅವಳೇ ಹಳೇ ಸೀರೆ ಸುತ್ತಿಕೊಟ್ಟಳು. ಡಾಕ್ಟರು ಅದಕ್ಕೊಂದು ಹೆಸರಿಟ್ಟರು, ಮಾತ್ರೆ ಬರೆದರು. ಎರಡರಿಂದಲೂ ಏನೂ ಆಗಲಿಲ್ಲ.

ಈಗ ಅವನು ಮನೆಯಲ್ಲೇ, ಕಿಟಕಿಯ ಪಕ್ಕ ಕೂರುತ್ತಾನೆ. ಅವಳು ಎದುರಿನ ಕುರ್ಚಿಯಲ್ಲಿ ಕೂತು ಬಟ್ಟೆ ಮಡಿಸುತ್ತಾಳೆ. ಮೊನ್ನೆ ಒಂದು ಮಧ್ಯಾಹ್ನ ಅವನು ಬಹಳ ಹೊತ್ತು ಅವಳನ್ನೇ ನೋಡುತ್ತಿದ್ದ. ಆಮೇಲೆ, ಇಡೀ ಆಯಸ್ಸು ಹೋಗೇ ಬಾರೇ ಎಂದು ಕರೆದವನು, ಬೇರೆಯವರ ಮನೆಯ ಹೆಂಗಸಿನೊಂದಿಗೆ ಮಾತಾಡುವಷ್ಟು ಮರ್ಯಾದೆಯಿಂದ ಹೇಳಿದ:

"ತಪ್ಪು ತಿಳ್ಕೋಬೇಡಿ. ನೀವು ಆ ಕುರ್ಚಿ ಬಿಟ್ಟುಕೊಡ್ತೀರಾ? ಅದು ನಮ್ಮವಳ ಜಾಗ. ಬರೋ ಹೊತ್ತಾಯ್ತು."

ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಎದೆಗೊತ್ತಿಕೊಂಡು ಎದ್ದಳು. ಮಂಚದ ಅಂಚಿನಲ್ಲಿ ಕೂತು, "ಬರ್ತಾರೆ ಬಿಡಿ" ಅಂದಳು.

ಅವನು ಸಮಾಧಾನದಿಂದ ತಲೆಯಾಡಿಸಿ ಬಾಗಿಲ ಕಡೆ ನೋಡತೊಡಗಿದ. ಅವಳೂ ನೋಡುತ್ತಾ ಕೂತಳು.